ಗುಡುಗಿತು ಬೈಕು, ಬೆವರಿದೆ ನಾನು!

"ಆಕ್ಷನ್!"

ನಿರ್ದೇಶಕರ ಕೂಗು ರಾಮನಗರದ ಬಂಡೆಗಳಿಗೆ ಬಡಿದು ವಾಪಸ್ಸು ಬಂತು. ಕಪ್ಪು ಜರ್ಕಿನ್ ತೊಟ್ಟ ಡ್ಯೂಪ್ ನನ್ನ ಬೈಕಿನ ಎಕ್ಸಲೇಟರ್ ತಿರುಪಿದ. ಗುಡುಗಿನಂಥ ಸದ್ದು! ಲೈಟ್‌ಬಾಯ್‌ಗಳೆಲ್ಲ ತಿರುಗಿ ನೋಡಿದರು. ನನ್ನ ಎದೆ ಎರಡಿಂಚು ಉಬ್ಬಿತು. ಅಷ್ಟರಲ್ಲೇ... 'ಫಟ್! ಫಟ್! ಫಟಾರ್!' ಬೈಕು ಕೆಮ್ಮಿತು, ಸೀನಿತು, ನಿಂತೇ ಹೋಯಿತು.

ಇಡೀ ಯೂನಿಟ್ಟು ಗೊಳ್ಳೆಂದು ನಕ್ಕಿತು.

ಹೌದು ಗೆಳೆಯರೇ, ಆ ಬೈಕಿನ ಮಾಲೀಕ ಈ ಬಡಪಾಯಿಯೇ. ಮುಹೂರ್ತದ ವರದಿ, ತಾರೆಯರ ಸಂದರ್ಶನ, ಶತದಿನೋತ್ಸವದ ಸುದ್ದಿ... ಇಷ್ಟು ದಿನ ಇದೇ ಪುಟಗಳಲ್ಲಿ ಬೇರೆಯವರ ಕಥೆ ಬರೆದೆ. ಈ ವಾರ ನನ್ನದೇ ಮಾನ ಹರಾಜು! ನಗಬೇಕೆನಿಸಿದರೆ ಈಗಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಹೆಚ್ಚಿಲ್ಲ.

ಅಮ್ಮನ ಸರ, ಮಗನ ಶೋಕಿ

ಸೆಕೆಂಡ್ ಪಿ.ಯು.ಸಿ.ಯ ಫಿಸಿಕ್ಸಿನಲ್ಲಿ ಡುಮ್ಕಿ ಹೊಡೆದವನು ನಾನು. ಮತ್ತೆ ಕಟ್ಟಲಿಲ್ಲ. ಮೈಸೂರು ಬಿಟ್ಟು ಬೆಂಗಳೂರಿಗೆ ಬಂದು ಸಿನಿಮಾ ಪತ್ರಿಕೆಗಳಿಗೆ ಬರೆಯತೊಡಗಿದೆ. ಬರೆದಷ್ಟಕ್ಕೆ ಕಾಸು, ಬರೆಯದ ವಾರ ಉಪವಾಸ. ಹೀಗಿರುವಾಗ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಒಂದು ಮಾತು ಹೇಳಿದರು. "ದಪ್ಪ ಬೈಕ್ ಇದ್ರೆ ಹೇಳು ಮಾರಾಯ. ಶೂಟಿಂಗಿಗೆ ದಿನಕ್ಕೆ ಎರಡೂವರೆ ಸಾವಿರ ಬಾಡಿಗೆ ಕೊಡಿಸ್ತೀನಿ."

ಎರಡೂವರೆ ಸಾವಿರ! ನನ್ನ ಮೂರು ಲೇಖನದ ಸಂಭಾವನೆ!

ಅಮ್ಮನ ಎರಡೆಳೆ ಸರ ಬ್ಯಾಂಕಿಗೆ ಹೋಯಿತು. ೨೦೧೪ರ ಒಂದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ ೫೦೦ ಸೆಕೆಂಡ್ ಹ್ಯಾಂಡಿನಲ್ಲಿ ಮನೆಗೆ ಬಂತು. "ಬೈಕೇ ದುಡಿದು ಸರ ಬಿಡಿಸಿಕೊಡುತ್ತೆ ಕಣಮ್ಮ" ಅಂದೆ. ಅಮ್ಮ ಏನೂ ಅನ್ನಲಿಲ್ಲ. ಬರಿಗೊರಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

ಬೈಕಿನ ಜಾತಕ ಗೊತ್ತಿಲ್ಲದವರಿಗೆ ಎರಡು ಮಾತು. ೪೯೯ ಸಿಸಿಯ ಒಂಟಿ ಸಿಲಿಂಡರ್, ೨೭ ಚಿಲ್ಲರೆ ಕುದುರೆ ಶಕ್ತಿ. ಕ್ಲಾಸಿಕ್ ೫೦೦ ೨೦೦೯ರಲ್ಲಿ ನಮ್ಮ ರಸ್ತೆಗೆ ಬಂತು, ೨೦೨೦ರಲ್ಲಿ ಬಿ.ಎಸ್. ೬ ನಿಯಮ ಬರುವ ಹೊತ್ತಿಗೆ ತೆರೆಗೆ ಸರಿಯಿತು. ಮುಖ್ಯ ಸಂಗತಿ ಏನೆಂದರೆ ಇದರಲ್ಲಿ ಕಾರ್ಬೊರೇಟರ್ ಇಲ್ಲ, ಫ್ಯೂಯಲ್ ಇಂಜೆಕ್ಷನ್. ಈಗ ರಸ್ತೆಗಿಳಿಯುವ ಹೊಸ ಬೈಕುಗಳಲ್ಲಿ ಬಹುಪಾಲು ಇದೇ. ಆದ್ದರಿಂದ ನನ್ನ ಗ್ರಹಚಾರ ನಾಳೆ ನಿಮ್ಮದೂ ಆಗಬಹುದು, ಗಮನವಿಟ್ಟು ಓದಿ.

ಬೈಕು ಚೆನ್ನಾಗಿಯೇ ಇತ್ತು. ಆದರೆ ಸದ್ದು ಸಪ್ಪೆ! ಹೀರೋ ಎಂಟ್ರಿ ಅಂದ ಮೇಲೆ ಗುಡುಗಬೇಡವೇ? ಹೆಸರು ಬೇಡ, ಒಂದು ಗ್ಯಾರೇಜಿಗೆ ಹೋದೆ. ಅಲ್ಲಿನ ಹುಡುಗ ನನ್ನ ವೀಕ್‌ನೆಸ್ ಅರಿತವನಂತೆ ಹೇಳಿದ. "ಅಣ್ಣಾ, ಕಂಪನಿಯವರು ಎಂಜಿನ್ ಕುತ್ತಿಗೆಗೆ ಹಗ್ಗ ಬಿಗಿದು ಕಳಿಸ್ತಾರೆ. ಬಿಚ್ಚಿಬಿಡೋಣ, ಆಮೇಲೆ ನೋಡಿ!"

ಬಿಚ್ಚಿದ. ಹೆಡ್ ಇಳಿಸಿ, ಗಾಳಿ ಬರುವ ಹೋಗುವ ದಾರಿಗಳನ್ನು ಉಜ್ಜಿ ಅಗಲ ಮಾಡಿದ. ಏರ್ ಫಿಲ್ಟರಿನ ಡಬ್ಬ ಕಿತ್ತು ಬರೀ ಕೋನ್ ಫಿಲ್ಟರ್ ಸಿಕ್ಕಿಸಿದ. ಹಿಂದೆ ಫ್ರೀ ಫ್ಲೋ ಸೈಲೆನ್ಸರ್! ೧೮,೦೦೦ ರೂಪಾಯಿ. ಸ್ಟಾರ್ಟ್ ಮಾಡಿದರೆ ಎದುರು ಮನೆಯ ಕಿಟಕಿ ಅದುರಿತು. ನನ್ನ ಪಾಲಿಗೆ ಅದೇ ಬೆಳ್ಳಿಹಬ್ಬ.

ಹಬ್ಬ ಒಂದು ವಾರವೂ ಉಳಿಯಲಿಲ್ಲ. ನಿಧಾನಕ್ಕೆ ಹೋದರೆ ಪೆಟ್ರೋಲ್ ವಾಸನೆ, ಸೈಲೆನ್ಸರ್ ಬಾಯಲ್ಲಿ ಕಾಡಿಗೆ. ಲೀಟರಿಗೆ ೨೮ ಕಿಲೋಮೀಟರ್ ಕೊಡುತ್ತಿದ್ದ ಗಾಡಿ ೧೯ಕ್ಕೆ ಇಳಿಯಿತು. ಎಕ್ಸಲೇಟರ್ ಬಿಟ್ಟರೆ 'ಫಟ್ ಫಟ್' ಪಟಾಕಿ. ವೇಗವಾಗಿ ತಿರುಪಿದರೆ ಬಿಕ್ಕಳಿಕೆ ಬಂದವನಂತೆ ಒಂದು ಕ್ಷಣ ತಡೆದು ಆಮೇಲೆ ಜಿಗಿತ. ಎಂಜಿನ್ನಿನ ಕಾವು ಮೊಣಕಾಲು ಸುಡುವಷ್ಟು.

ಗ್ಯಾರೇಜಿನ ಹುಡುಗ ಸ್ಲೋ ಸರಿಮಾಡುತ್ತೇನೆಂದು ಮುಟ್ಟಬಾರದ ಒಂದು ಸ್ಕ್ರೂ ತಿರುಗಿಸಿದ. ಅದೂ ಸಾಲದೆಂದು ೧೫,೦೦೦ದ ಒಂದು ಎಲೆಕ್ಟ್ರಾನಿಕ್ ಡಬ್ಬ ಜೋಡಿಸಿದ. "ಎಲ್ಲಾ ಕಡೆ ಹತ್ತು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಬಿಟ್ಟಿದೀನಿ ಅಣ್ಣ. ಇನ್ನು ಟೆನ್ಷನ್ ಇಲ್ಲ!" ಸ್ನೇಹಿತನ ಹತ್ತಿರ ಕೈಸಾಲ ಮಾಡಿ ಕೊಟ್ಟೆ. ಬಿಕ್ಕಳಿಕೆ ಹೋಗಲಿಲ್ಲ. ಬಂತು ನೋಡಿ, ಶೂಟಿಂಗಿನ ಕರೆ!

ಒಂದು ಸೆಕೆಂಡ್

೧೯೭೫ರಲ್ಲಿ ತೆರೆಕಂಡ 'ಶೋಲೆ'ಗೆ ಬೆನ್ನಾಗಿ ನಿಂತ ಬಂಡೆಗಳ ಸೀಮೆ ಅದು. ಜೈ-ವೀರು ಜೋಡಿ ಸೈಡ್‌ಕಾರ್ ಬೈಕಿನಲ್ಲಿ ಹೊರಟ ಚಿತ್ರವನ್ನು ನೋಡದ ಚಿತ್ರರಸಿಕನುಂಟೇ? ಅಂಥ ಜಾಗದಲ್ಲಿ ನನ್ನ ಬೈಕು ಮೊದಲ ಟೇಕಿಗೇ ಮಾನ ಕಳೆಯಿತು.

ಪ್ಲಗ್ ಬಿಚ್ಚಿದರೆ ಕರೀ ಮಸಿ. ಒರೆಸಿ ಹಾಕಿದೆ. ಸ್ಟಾರ್ಟ್ ಆಯಿತು. ಡ್ಯೂಪ್ ಹುಡುಗ ಹತ್ತಿರ ಬಂದ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವನಿರಬೇಕು. ಆದರೂ ಬೈಕಿನ ಮಾಲೀಕನೆಂಬ ಮರ್ಯಾದೆಗೆ ಅಣ್ಣ ಎಂದೇ ಕರೆದ.

"ಅಣ್ಣ, ಗಾಡಿ ಓಕೆನಾ? ಲಾರಿ ಮುಂದೆ ಕಟ್ ಮಾಡ್ಬೇಕು."

ನನಗೆ ಗೊತ್ತಿತ್ತು. ತಿರುಪಿದಾಗ ಆ ಒಂದು ಸೆಕೆಂಡ್ ಗಾಡಿ ತಡೆಯುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಪ್ರೊಡಕ್ಷನ್ ಮ್ಯಾನೇಜರ್ ದುರುಗುಟ್ಟಿ ನೋಡುತ್ತಿದ್ದರು. ಎರಡೂವರೆ ಸಾವಿರ ಕಣ್ಮುಂದೆ ಕುಣಿಯುತ್ತಿತ್ತು.

"ಏನೂ ಆಗಲ್ಲ ಬ್ರದರ್. ಎಂಜಿನ್ ತಣ್ಣಗಿತ್ತು, ಅಷ್ಟೇ" ಅಂದೆ.

ಎರಡನೇ ಟೇಕ್. ಲಾರಿ ಎದುರಿನಿಂದ ಬಂತು. ಅವನು ಎಡದಿಂದ ನುಗ್ಗಿ, ಲಾರಿಯ ಮುಂದೆ ಹಾದು, ಬಲಕ್ಕೆ ಹೋಗಬೇಕು. ನಟ್ಟನಡುವೆ ಪೂರಾ ತಿರುಪಿದ. ಬೈಕು ತಡೆಯಿತು. ಒಂದೇ ಒಂದು ಸೆಕೆಂಡ್! ಲಾರಿ ಡ್ರೈವರ್ ಬ್ರೇಕಿನ ಮೇಲೆ ನಿಂತುಬಿಟ್ಟ. ಬಂಪರ್ ಹಿಂದಿನ ಮಡ್‌ಗಾರ್ಡಿಗೆ ಸವರಿತು. ಹುಡುಗ ಹತ್ತಡಿ ದೂರ ಹೋಗಿ ಬಿದ್ದ.

ಪ್ರಾಣಕ್ಕೆ ಅಪಾಯವಾಗಲಿಲ್ಲ. ಎಡ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. ದಿನಗೂಲಿ ಸಾಹಸಿಗೆ ಆರು ವಾರ ಎಂದರೆ ಆರು ವಾರವೂ ಸಂಪಾದನೆ ಇಲ್ಲ. ಸಂಜೆ ಅವನ ಮನೆಗೆ ಹೋದೆ. ಬಾಡಿಗೆ ಹಣವನ್ನು ಹಾಗೇ ಚಾಚಿದೆ. ಅವನು ಹಣ ನೋಡಲಿಲ್ಲ, ನನ್ನನ್ನು ನೋಡಿದ.

"ಅಣ್ಣ, ಗಾಡಿ ಸರಿ ಇಲ್ಲ ಅಂತ ನಿಮಗೆ ಗೊತ್ತಿತ್ತಾ?"

ಸಿನಿಮಾದಲ್ಲಾದರೆ ಇಲ್ಲಿ ಒಳ್ಳೆಯ ಡೈಲಾಗ್ ಇರುತ್ತದೆ. ನನಗೆ ಒಂದೂ ಹೊಳೆಯಲಿಲ್ಲ. "ಗೊತ್ತಿತ್ತು" ಅಂದೆ. ಅವನ ಹೆಂಡತಿ ಒಳಗಿನಿಂದ ಬಂದು ಹಣ ತೆಗೆದುಕೊಂಡು ಹೋದರು. ಕೂತುಕೋ ಎಂದು ಯಾರೂ ಹೇಳಲಿಲ್ಲ.

ಯಾದವಗಿರಿಯ ಕೈ

ಮಾರಿಬಿಡೋಣ ಎನ್ನಿಸಿತು. ಆದರೆ ಈ ಗಾಡಿಯನ್ನು ಇನ್ನೊಬ್ಬನ ಕುತ್ತಿಗೆಗೆ ಕಟ್ಟುವುದು ಹೇಗೆ? ಆಗ ನೆನಪಾದವರು ಮೈಸೂರಿನ ಮೇಸ್ತ್ರಿ.

ನನ್ನ ಚಿಕ್ಕಪ್ಪನ ಹತ್ತಿರ ಯೆಜ್ಡಿ ಇತ್ತು. ನಮ್ಮೂರಲ್ಲೇ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ ಗಾಡಿ. ಅದರ ಡಾಕ್ಟರು ಈ ಮೇಸ್ತ್ರಿ. ಅದೇ ಕಾರ್ಖಾನೆಯಲ್ಲಿ ದುಡಿದವರು. ೧೯೯೬ರಲ್ಲಿ ಕಾರ್ಖಾನೆ ನಿಂತ ಮೇಲೆ ಒಂದು ಶೆಡ್ ಹಾಕಿಕೊಂಡರು. ಈಗ ವಯಸ್ಸು ಎಪ್ಪತ್ತು ದಾಟಿದೆ. ಬೈಕನ್ನು ಟೆಂಪೋಗೆ ಹಾಕಿಸಿ ಅವರ ಮುಂದೆ ಇಳಿಸಿದೆ.

ಮೇಸ್ತ್ರಿ ಒಂದು ಸುತ್ತು ಬಂದರು. ಕೂಗಾಡಲಿಲ್ಲ.

"ಏನಪ್ಪ, ಇದರ ಮೂಗು ಕೊಯ್ದಿದೀಯ, ಬಾಯಿ ಹರಿದಿದೀಯ. ಪಾಪ, ಅದಕ್ಕೆ ವಿಷಯ ತಿಳಿಸಿದೀಯಾ?"

"ಯಾರಿಗೆ ಮೇಸ್ತ್ರಿ?"

"ಪೆಟ್ಟಿಗೆಗೆ."

ಪೆಟ್ಟಿಗೆ ಎಂದರೆ ಇ.ಸಿ.ಯು. ಸೀಟಿನ ಹತ್ತಿರ ಅಡಗಿರುವ ಕಂಪ್ಯೂಟರು. ಮೇಸ್ತ್ರಿಯ ಮೊಮ್ಮಗ ಆಟೊಮೊಬೈಲ್ ಡಿಪ್ಲೊಮಾ ಮಾಡಿದವನು, ಲ್ಯಾಪ್‌ಟಾಪ್ ಇಟ್ಟುಕೊಂಡು ತಾತನ ಜೊತೆಗೇ ಕೆಲಸ ಮಾಡುತ್ತಾನೆ. ಅವನು ಬಿಡಿಸಿ ಹೇಳಿದ. ಫಿಸಿಕ್ಸಿನಲ್ಲಿ ಫೇಲಾದ ನನ್ನ ತಲೆಗೂ ಇಳಿಯಿತು. ನಿಮಗೂ ಇಳಿಯುತ್ತದೆ.

ಕಾರ್ಬೊರೇಟರಿನಲ್ಲಿ ಎಂಜಿನ್ ಎಳೆದ ಗಾಳಿಯೇ ಜೆಟ್ಟಿನಿಂದ ಪೆಟ್ರೋಲನ್ನು ಹೀರಿಕೊಂಡು ಹೋಗುತ್ತದೆ. ಕಮ್ಮಿಯಾದರೆ ಜೆಟ್ ಬದಲಿಸು, ಸ್ಕ್ರೂ ತಿರುಗಿಸು, ಮುಗಿಯಿತು. ಇಂಜೆಕ್ಷನ್ನಿನಲ್ಲಿ ಹಾಗಲ್ಲ. ಎಕ್ಸಲೇಟರ್ ಎಷ್ಟು ತೆರೆದಿದೆ, ಒಳಗಿನ ಗಾಳಿಯ ಒತ್ತಡ ಎಷ್ಟು, ಗಾಳಿಯ ಕಾವೆಷ್ಟು, ಎಂಜಿನ್ನಿನ ಕಾವೆಷ್ಟು, ಅದು ಎಷ್ಟು ಸುತ್ತು ತಿರುಗುತ್ತಿದೆ... ಒಂದೊಂದಕ್ಕೂ ಒಂದೊಂದು ಸೆನ್ಸರ್. ಎಲ್ಲ ಕೇಳಿಕೊಂಡು ಪೆಟ್ಟಿಗೆ ತನ್ನೊಳಗಿನ ಕೋಷ್ಟಕ ನೋಡುತ್ತದೆ. ಇಷ್ಟಕ್ಕೆ ಇಷ್ಟು ಪೆಟ್ರೋಲ್ ಎಂದು ಲೆಕ್ಕ ಹಾಕಿ, ಸೆಕೆಂಡಿನ ಸಾವಿರದ ಕೆಲವೇ ಪಾಲು ಹೊತ್ತು ಇಂಜೆಕ್ಟರ್ ತೆರೆಯುತ್ತದೆ. ಆ ಕೋಷ್ಟಕ ಕಂಪನಿಯಿಂದ ಬಂದ ಎಂಜಿನ್ನಿಗೆ ಬರೆದದ್ದು. ನಾನು ಎಂಜಿನ್ನನ್ನೇ ಬದಲಿಸಿದ್ದೆ! ನಾಟಕ ಬದಲಾಯಿತು, ಪ್ರಾಂಪ್ಟರ್ ಕೈಯಲ್ಲಿ ಮಾತ್ರ ಹಳೇ ನಾಟಕದ ಪುಸ್ತಕ.

ಸುಳ್ಳು ಸಾಕ್ಷಿ

"ಅದೇನೋ ಸರಿ. ಆದರೆ ನಿಧಾನದಲ್ಲಿ ಪೆಟ್ರೋಲ್ ಹೆಚ್ಚು, ವೇಗದಲ್ಲಿ ಕಮ್ಮಿ. ಒಂದೇ ಗಾಡಿಗೆ ಎರಡು ತದ್ವಿರುದ್ಧ ಕಾಯಿಲೆ ಹೇಗೆ?" ಅಂದೆ.

ಮೇಸ್ತ್ರಿ ಉತ್ತರ ಕೊಡಲಿಲ್ಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿಸಿ, ಸೈಲೆನ್ಸರ್ ಬಾಯಿಗೆ ಒದ್ದೆ ಬಟ್ಟೆಯ ಉಂಡೆ ಅದುಮಿ ಹಿಡಿಯಲು ಹೇಳಿದರು. ಬೆಂಡ್ ಪೈಪು ಹೆಡ್ಡಿಗೆ ಸೇರುವ ಜಾಗಕ್ಕೆ ಸೋಪಿನ ನೀರು ಚಿಮುಕಿಸಿದರು. 'ಬುಸ್' ಎಂದು ಗುಳ್ಳೆ ಎದ್ದಿತು!

ಹೆಡ್ ಇಳಿಸಿದ ಗ್ಯಾರೇಜಿನವನು ಹಳೇ ಗ್ಯಾಸ್ಕೆಟ್ಟನ್ನೇ ತಿರುಗಿ ಹಾಕಿದ್ದ. ನಟ್ಟೂ ಸಡಿಲ. ಅಲ್ಲಿತ್ತು ಮರ್ಮ.

ಹೊಗೆ ಪೈಪಿನಲ್ಲಿ ಒಂದೇ ಸಮ ಹರಿಯುವುದಿಲ್ಲ, ಎದೆ ಬಡಿತದ ಹಾಗೆ ಬಿಟ್ಟು ಬಿಟ್ಟು ಹೋಗುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಪೈಪಿನ ಒತ್ತಡ ಇಳಿದಾಗ ಸಂದಿಯಿಂದ ಹೊರಗಿನ ಗಾಳಿ ಒಳಕ್ಕೆ ನುಸುಳುತ್ತದೆ. ಮುಂದೆ ಪೈಪಿನಲ್ಲೇ ಕೂತಿದೆ ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯೇ ನೋಡುವುದು ಅದರ ಕೆಲಸ. ನುಸುಳಿದ ಗಾಳಿ ಕಂಡು ಅದು ಕೂಗುತ್ತದೆ, "ಪೆಟ್ರೋಲ್ ಸಾಲದು!" ಪೆಟ್ಟಿಗೆ ನಂಬಿ ಇನ್ನಷ್ಟು ಸುರಿಯುತ್ತದೆ. ಮಸಿ ಅದರಿಂದ, ವಾಸನೆ ಅದರಿಂದ, ಮೈಲೇಜ್ ಬಿದ್ದದ್ದೂ ಅದರಿಂದ. ಎಕ್ಸಲೇಟರ್ ಬಿಟ್ಟಾಗ ಉರಿಯದೆ ಉಳಿದ ಪೆಟ್ರೋಲ್ ಕಾದ ಪೈಪಿಗೆ ಬಂದು, ನುಸುಳಿದ ಗಾಳಿ ಸೇರಿ, ಅಲ್ಲೇ ಹೊತ್ತಿಕೊಳ್ಳುತ್ತದೆ. ಊರ ಹುಡುಗರು ಶಿಳ್ಳೆ ಹೊಡೆದ ಆ 'ಫಟ್ ಫಟ್' ಪೌರುಷವಲ್ಲ ಸ್ವಾಮಿ, ಸೋರಿಕೆ!

ಪೂರಾ ತಿರುಪಿದಾಗ ಮಾತ್ರ ಪೆಟ್ಟಿಗೆ ಈ ಸೆನ್ಸರಿನ ಮಾತು ಕೇಳುವುದಿಲ್ಲ. ಬರೀ ಕೋಷ್ಟಕ ನೋಡಿ ನಡೆಯುತ್ತದೆ. ದಾರಿ ಅಗಲವಾಗಿ ಗಾಳಿ ಹೆಚ್ಚು ನುಗ್ಗಿದ್ದರಿಂದ ಆ ಹಳೇ ಲೆಕ್ಕ ಅಲ್ಲಿ ಸಾಲಲಿಲ್ಲ. ಬಿಕ್ಕಳಿಕೆ, ಕಾವು ಅದರಿಂದ.

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಹೇಳಿದರು. "ಕೋರ್ಟ್ ಸೀನು ನೋಡಿಲ್ವಾ? ಸಾಕ್ಷಿ ಸುಳ್ಳು ಹೇಳಿದ್ರೆ ಜಡ್ಜು ಏನ್ ಮಾಡ್ತಾರೆ? ತಪ್ಪು ತೀರ್ಪೇ ಕೊಡ್ತಾರೆ. ಜಡ್ಜನ್ನ ಬೈದು ಏನು ಪ್ರಯೋಜನ?"

ನನಗೆ ರಾಮನಗರ ನೆನಪಾಯಿತು. "ಏನೂ ಆಗಲ್ಲ ಬ್ರದರ್" ಎಂದ ಸಾಕ್ಷಿ ಯಾರು?

ಮೂರು ದಿನದ ಪಾಠ

ಮೊದಲ ದಿನ ಲ್ಯಾಪ್‌ಟಾಪ್ ಮುಚ್ಚಿಯೇ ಇತ್ತು. ಹೊಸ ಗ್ಯಾಸ್ಕೆಟ್, ಹೊಸ ಪ್ಲಗ್. ಗಾಳಿ ಹೋಗುವ ರಬ್ಬರ್ ಬಿರುಕು ಬಿಟ್ಟಿದೆಯೇ ಎಂಬ ತಪಾಸಣೆ. ಆ ಮುಟ್ಟಬಾರದ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದರು. ಎಕ್ಸಲೇಟರ್ ಪೂರ್ತಿ ಮುಚ್ಚಿದೆ ಎಂದು ಪೆಟ್ಟಿಗೆಗೆ ಗೊತ್ತಾಗುವುದು ಆ ಜಾಗದ ಸೆನ್ಸರಿನಿಂದಲೇ. ಅಲ್ಲಿ ತಪ್ಪಾದರೆ ಮುಂದಿನದೆಲ್ಲ ತಪ್ಪು. ಟ್ಯಾಪೆಟ್ ನೋಡುವ ಕೆಲಸ ಇರಲಿಲ್ಲ, ಈ ಎಂಜಿನ್ನಿನಲ್ಲಿ ಅದು ಹೈಡ್ರಾಲಿಕ್, ತಾನೇ ಸರಿಹೊಂದಿಕೊಳ್ಳುತ್ತದೆ. "ಕಾಯಿಲೆ ಗಾಡಿಗೆ ಟ್ಯೂನಿಂಗ್ ಮಾಡೋದು ಅಂದ್ರೆ ಜ್ವರ ಬಂದವನಿಗೆ ಮೇಕಪ್ ಹಾಕಿದ ಹಾಗೆ" ಎಂದರು ಮೇಸ್ತ್ರಿ. ಅರ್ಧ ರೋಗ ಅಲ್ಲಿಗೇ ವಾಸಿ.

ಎರಡನೇ ದಿನ ಮೊಮ್ಮಗನ ಸರದಿ. ಬೆಂಡ್ ಪೈಪಿಗೆ ಒಂದು ತೂತು ಕೊರೆದು, ನಟ್ ವೆಲ್ಡ್ ಮಾಡಿ, ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿದ. ಬೈಕಿನದೇ ಸೆನ್ಸರ್ ಗಾಂಧಿ ಕ್ಲಾಸಿನ ಪ್ರೇಕ್ಷಕನಂತೆ, ಶಿಳ್ಳೆ ಇಲ್ಲವೇ ಚಪ್ಪಲಿ! ಪೆಟ್ರೋಲ್ ಹೆಚ್ಚು ಅಥವಾ ಕಮ್ಮಿ ಎನ್ನುತ್ತದೆಯೇ ಹೊರತು ಎಷ್ಟು ಎನ್ನುವುದಿಲ್ಲ. ವೈಡ್‌ಬ್ಯಾಂಡ್ ಪಕ್ಕಾ ಅಂಕಿ ಕೊಡುತ್ತದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ೧೪.೭ ಪಾಲು ಗಾಳಿ ಬೇಕು. ಸಾವಧಾನವಾಗಿ ಹೋಗುವಾಗ ಅದೇ ಗುರಿ. ಪೂರಾ ತಿರುಪಿದಾಗ ಬಲಕ್ಕೂ ತಂಪಿಗೂ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕು, ಸುಮಾರು ೧೩ಕ್ಕೆ ಒಂದು.

ಬೆಳಗಿನ ಜಾವ ಎಚ್.ಡಿ. ಕೋಟೆ ರಸ್ತೆ ಖಾಲಿ. ನಾನು ಸವಾರ, ಹಿಂದೆ ಮೊಮ್ಮಗ, ಅವನ ಎದೆಗೆ ಕಟ್ಟಿದ ಚೀಲದಲ್ಲಿ ಅಂಕಿ ದಾಖಲಿಸುವ ಯಂತ್ರ. ಓಡಿಸುತ್ತ ನೋಡುವುದಲ್ಲ, ಬಂದು ನಿಲ್ಲಿಸಿ ನೋಡುವುದು. ಗ್ಯಾರೇಜಿನವನ 'ಎಲ್ಲಾ ಕಡೆ ಹತ್ತು ಪರ್ಸೆಂಟ್' ಬಂಡವಾಳ ಬಯಲಾಯಿತು. ಪೂರಾ ತಿರುಪಿದಾಗಲೂ ಒಂದು ಕಡೆ ೧೧.೫, ಇನ್ನೊಂದು ಕಡೆ ೧೩.೯! ಎಲ್ಲರಿಗೂ ಒಂದೇ ಅಳತೆಯ ಷರ್ಟು ಹೊಲಿದ ಹಾಗೆ.

ಡಬ್ಬದ ಲೆಕ್ಕವನ್ನೆಲ್ಲ ಸೊನ್ನೆ ಮಾಡಿದ. ಲ್ಯಾಪ್‌ಟಾಪಿನಲ್ಲಿ ಚೌಕುಳಿ ಕಾಪಿ ಪುಸ್ತಕದಂಥ ಹಾಳೆ. ಒಂದು ಕಡೆ ಎಂಜಿನ್ನಿನ ಸುತ್ತು, ಇನ್ನೊಂದು ಕಡೆ ಎಕ್ಸಲೇಟರ್ ತಿರುವು. ಓಡಿಸು, ನಿಲ್ಲಿಸು, ಅಂಕಿ ನೋಡು, ಒಂದು ಚೌಕಕ್ಕೆ ಎರಡೋ ಮೂರೋ ಪರ್ಸೆಂಟ್ ತಿದ್ದು, ಮತ್ತೆ ಓಡಿಸು. ಒಂದು ಸಲಕ್ಕೆ ಒಂದೇ ಬದಲಾವಣೆ. ಸಾವಧಾನದ ಚೌಕಗಳನ್ನು ಮುಟ್ಟಲೇ ಇಲ್ಲ. ಸಾಕ್ಷಿ ನಿಜ ಹೇಳತೊಡಗಿದ ಮೇಲೆ ಅಲ್ಲಿನ ಲೆಕ್ಕವನ್ನು ಪೆಟ್ಟಿಗೆಯೇ ಸರಿಮಾಡಿಕೊಳ್ಳುತ್ತದೆ.

"ಸ್ಪಾರ್ಕ್ ಟೈಮಿಂಗೂ ಸ್ವಲ್ಪ ಮುಂದೆ ತಂದ್ರೆ ಪಿಕಪ್ ಬರುತ್ತಂತಲ್ಲ?" ಎಂದು ಆಸೆಯಿಂದ ಕೇಳಿದೆ.

"ಪಿಸ್ಟನ್ನೂ ತೂತಾಗುತ್ತೆ" ಎಂದ ಮೊಮ್ಮಗ. ಅಲ್ಲಿಗೆ ಆ ಮಾತು ಮುಗಿಯಿತು.

ಮೂರನೇ ದಿನ ಮೇಸ್ತ್ರಿ ಒಂದು ಪರೀಕ್ಷೆ ಇಟ್ಟರು. ಮಂಚದ ಕೆಳಗೆ ಬಿದ್ದಿದ್ದ ಕಂಪನಿ ಸೈಲೆನ್ಸರನ್ನೂ ಏರ್ ಫಿಲ್ಟರ್ ಡಬ್ಬವನ್ನೂ ಟೆಂಪೋದಲ್ಲಿ ಜೊತೆಗೇ ತಂದಿದ್ದೆ. ಅವನ್ನು ಹಾಕಿಸಿ ಅದಕ್ಕೆ ತಕ್ಕ ಲೆಕ್ಕ ಬರೆಸಿದರು. ನಾಲ್ಕನೇ ಗೇರಿನಲ್ಲಿ ೪೦ರಿಂದ ೮೦ಕ್ಕೆ ಹೋಗಲು ಎಷ್ಟು ಹೊತ್ತು? ಸ್ಟಾಪ್‌ವಾಚ್ ಹಿಡಿದು, ಎರಡೂ ಬಗೆಯಲ್ಲಿ ಐದೈದು ಸಲ. ವ್ಯತ್ಯಾಸ ಅರ್ಧ ಸೆಕೆಂಡೂ ಇರಲಿಲ್ಲ!

ಕಿಟಕಿ ಅದುರಿಸಿದ ಆ ಗುಡುಗಿನ ಬೆಲೆ ಅಷ್ಟೇ. ನಾನು ಶಕ್ತಿ ಎಂದುಕೊಂಡದ್ದು ಬರೀ ಸದ್ದು.

ಫ್ರೀ ಫ್ಲೋ ಶೆಡ್ಡಿನ ಮೂಲೆ ಸೇರಿತು. ಉಜ್ಜಿ ಅಗಲ ಮಾಡಿದ ಹೆಡ್ಡನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಅದಕ್ಕಾಗಿ ೪,೦೦೦ ಸುತ್ತಿನ ಹತ್ತಿರ ಏಳು ಪರ್ಸೆಂಟ್, ೩,೦೦೦ದಲ್ಲಿ ಎರಡು, ಕೆಲವು ಕಡೆ ಸೊನ್ನೆ. ಅಷ್ಟೇ ಮದ್ದು. ಮೈಲೇಜ್ ೨೭ಕ್ಕೆ ಬಂತು. ಪ್ಲಗ್ ಬಿಚ್ಚಿ ನೋಡಿದ ಮೇಸ್ತ್ರಿ ಅದನ್ನು ನನ್ನ ಅಂಗೈಯಲ್ಲಿಟ್ಟರು. ತುದಿ ಹದವಾದ ಕಾಫಿ ಬಣ್ಣ. ಲ್ಯಾಪ್‌ಟಾಪ್ ಮೂರು ದಿನ ಹೇಳಿದ್ದನ್ನು ಅವರು ಒಂದು ನೋಟದಲ್ಲಿ ಓದಿದ್ದರು.

ಇನ್ನೊಂದು ಮಾತು. ಸೈಲೆನ್ಸರ್ ಬದಲಿಸುವುದು ಬರೀ ಶೋಕಿಯ ಪ್ರಶ್ನೆಯಲ್ಲ. ೨೦೧೯ರ ತಿದ್ದುಪಡಿಯ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ ಕಾನೂನು ಒಪ್ಪದ ಒಂದೊಂದು ಮಾರ್ಪಾಡಿಗೂ ೫,೦೦೦ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರಬೇಕು. ನನ್ನ ೧೮,೦೦೦ ಅದರಲ್ಲಿ ಸೇರಲಿಲ್ಲ ಎಂಬುದಷ್ಟೇ ಸಮಾಧಾನ.

ಮತ್ತೆ ರಾಮನಗರ

ಆ ಶಾಟ್ ಬಾಕಿ ಉಳಿದಿತ್ತು. ಎರಡು ತಿಂಗಳ ನಂತರ ಮತ್ತೆ ಅದೇ ಬಂಡೆ, ಅದೇ ಲಾರಿ, ಅದೇ ಡ್ಯೂಪ್. ಬೈಕ್ ಸ್ಟಾರ್ಟ್ ಮಾಡಿದೆ. ನಿರ್ದೇಶಕರು ಹುಬ್ಬು ಗಂಟಿಕ್ಕಿದರು. "ಏನ್ರೀ ಇದು, ಗುಡುಗು ಎಲ್ಲೋಯ್ತು?"

ಸೌಂಡ್ ಇಂಜಿನಿಯರ್ ನಕ್ಕರು. "ಬಿಡಿ ಸಾರ್, ಗುಡುಗು ನನ್ನ ಹತ್ರ ಬೇಕಾದಷ್ಟಿದೆ. ಆಮೇಲೆ ಹಾಕಿದ್ರಾಯ್ತು."

ಇಷ್ಟು ವರ್ಷ ಸಿನಿಮಾ ಬಗ್ಗೆ ಬರೆದವನಿಗೆ ಈ ಮಾತು ಹೊಸದೇ? ತೆರೆಯ ಮೇಲಿನ ಗುಡುಗು ಎಷ್ಟೋ ಸಲ ಸೌಂಡ್ ರೂಮಿನಲ್ಲೇ ಹುಟ್ಟುತ್ತದೆ ಎಂದು ಗೊತ್ತಿದ್ದೂ, ಅದನ್ನು ರಸ್ತೆಯ ಮೇಲೆ ಕೊಂಡುಕೊಳ್ಳಲು ಅಮ್ಮನ ಸರ ಅಡವಿಟ್ಟವನು ನಾನು.

ಡ್ಯೂಪ್ ಬಂದ. ಎಡಗೈ ಬೆರಳುಗಳನ್ನು ಒಂದೆರಡು ಸಲ ಮಡಚಿ ಬಿಚ್ಚಿದ. ಈ ಸಲ ಅವನು ಕೇಳುವ ಮೊದಲೇ ನಾನು ಎಲ್ಲ ಹೇಳಿದೆ. ಏನಾಗಿತ್ತು, ಎಲ್ಲಿ ಸೋರಿತ್ತು, ಏನು ಸರಿಮಾಡಿದೆವು, ಏನು ಸರಿಮಾಡಲಾಗಿಲ್ಲ. ಸುಮ್ಮನೆ ಕೇಳಿಸಿಕೊಂಡ.

"ಮೊದಲು ನಾನೊಂದು ರೌಂಡ್ ಹಾಕ್ತೀನಿ" ಅಂದ.

ಒಂದಲ್ಲ, ಆರು ರೌಂಡ್ ಹಾಕಿದ. ಪೂರಾ ತಿರುಪಿ ನೋಡಿದ, ಬಿಟ್ಟು ನೋಡಿದ, ಮತ್ತೆ ತಿರುಪಿದ. ಯೂನಿಟ್ಟೆಲ್ಲ ಕಾಯಿತು. ಪ್ರೊಡಕ್ಷನ್ ಮ್ಯಾನೇಜರ್ ಗಡಿಯಾರ ನೋಡಿಕೊಂಡರು. ಈ ಸಲ ನಾನು ಅವರ ಮುಖ ನೋಡಲಿಲ್ಲ. ಕೊನೆಗೆ ಬಂದು ನಿಲ್ಲಿಸಿ, ಹೆಲ್ಮೆಟ್ ಬಿಗಿದುಕೊಂಡು, ಲಾರಿ ಡ್ರೈವರಿಗೆ ಕೈ ಎತ್ತಿದ.

ಒಂದೇ ಟೇಕಿಗೆ ಓಕೆ!

ಸರ ಇನ್ನೂ ಬ್ಯಾಂಕಿನಲ್ಲೇ ಇದೆ, ಬಡ್ಡಿ ಕಟ್ಟುತ್ತಿದ್ದೇನೆ. ಯಾರಾದರೂ ಬೈಕು ಕೇಳಿಕೊಂಡು ಬಂದರೆ ಬಾಡಿಗೆ ಮಾತಾಡುವ ಮೊದಲು ಗಾಡಿಯ ದೋಷ ಹೇಳುತ್ತೇನೆ. ಅದರಿಂದ ಎರಡು ದಿನದ ಬಾಡಿಗೆ ಕೈತಪ್ಪಿದ್ದೂ ಉಂಟು, ಹೋಗಲಿ. ಗೆಳೆಯರೇ, ನಿಮ್ಮ ಗಾಡಿ 'ಫಟ್' ಎಂದಾಗ ಪಕ್ಕದವರು ಶಿಳ್ಳೆ ಹೊಡೆದರೆ ಹಿಗ್ಗಬೇಡಿ. ಬದಿಗೆ ನಿಲ್ಲಿಸಿ, ಎಂಜಿನ್ ತಣಿದ ಮೇಲೆ ಬೆಂಡ್ ಪೈಪಿನ ಬುಡಕ್ಕೆ ಒಂದಿಷ್ಟು ಸೋಪಿನ ನೀರು ಹಾಕಿ ನೋಡಿ.